ಕಾಲ್ಚೆಂಡಾಟದಲ್ಲಿ ಯಜಮಾನಿಕೆ

ಬಯಲಿಗಿಳಿದ ಹನ್ನೊಂದು ಮಂದಿಗೆ ಎದುರಾಗಿ ನಿಲ್ಲುವವರೂ ಹನ್ನೊಂದೇ ಮಂದಿ. ಆದರೂ ನಮ್ಮ ದೇಶದ ಕಾಲ್ಚೆಂಡಾಟದ ಚರಿತ್ರೆಯನ್ನು ತೆರೆದರೆ ಕೆಲವೇ ತಂಡಗಳ ಹೆಸರು ಮತ್ತೆ ಮತ್ತೆ ಕಾಣುವುದು. ಈ ಯಜಮಾನಿಕೆ ಹೇಗೆ ಬಂದಿತು, ಎಲ್ಲಿ ಮುರಿಯಿತು ಎಂಬುದನ್ನು ವಿಚಾರಿಸೋಣ.

ಮೊದಲ ಯಜಮಾನರು ಆಂಗ್ಲ ಪಟಾಲಮುಗಳು. 1888ರಲ್ಲಿ ಸಿಮ್ಲೆಯಲ್ಲಿ ಡ್ಯುರಾಂಡ್ ಪಂದ್ಯಗಳೂ 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಪಂದ್ಯಗಳೂ ಆರಂಭವಾದುವು. ಬಹುಕಾಲ ಎರಡೂ ಸಿಪಾಯಿಗಳ ಸೊತ್ತಾಗಿದ್ದುವು. ಅವರಿಗೆ ಬೂಟು, ಬಯಲು, ನಿತ್ಯದ ಅಭ್ಯಾಸ ಇವೆಲ್ಲವೂ ಸರ್ಕಾರದ ವೆಚ್ಚದಿಂದಲೇ ಒದಗುತ್ತಿದ್ದುವು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ಪಟಾಲಮನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು, ಆ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ರೋವರ್ಸ್ ಬಟ್ಟಲನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡವಾದರೋ ನಮ್ಮ ಬೆಂಗಳೂರಿನದು: 1937ರಲ್ಲಿಯೂ ಮರುವರ್ಷವೂ ಬೆಂಗಳೂರು ಮುಸ್ಲಿಮ್ಸ್ ತಂಡವು ಆ ಬಟ್ಟಲನ್ನು ತಂದಿತು.

ಸಿಪಾಯಿಗಳ ಯಜಮಾನಿಕೆ ಅಳಿಯಿತು; ಯಜಮಾನಿಕೆಯೇ ಅಳಿಯಲಿಲ್ಲ. ಅದು ಬಂಗಾಳಕ್ಕೆ ಸಂದಿತು. ಪ್ರಾಂತಗಳ ತಂಡಗಳಿಗಾಗಿ 1941ರಲ್ಲಿ ಮೊದಲಾದ ಸಂತೋಷ್ ಪಾರಿತೋಷಕವನ್ನು ಬಂಗಾಳವು ಮೂವತ್ತಕ್ಕಿಂತ ಹೆಚ್ಚು ಸಲ ಗೆದ್ದಿದೆ. ಮೈಸೂರು ಗೆದ್ದುದು ನಾಲ್ಕು ಸಲ: 1946, 1952, ಬಳಿಕ 1967–68 ಮತ್ತು 1968–69ರಲ್ಲಿ. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತುದು ಬಂಗಾಳವೇ ಎಂಬುದನ್ನು ಗಮನಿಸಬೇಕು.

ಹಾಗಾದರೆ ನಮ್ಮಲ್ಲಿ ಕೊರತೆಯಾದುದು ಏನು? ಆಟಗಾರರಲ್ಲ. 1948ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕೈಕ ಗೋಲನ್ನು ಹೊಡೆದ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹಮದ್ ಖಾನರೂ ಬೆಂಗಳೂರಿನವರೇ. ಆದರೆ ಅವರ ಕೀರ್ತಿ ಬೆಳಗಿದುದು ಕಲ್ಕತ್ತೆಯ ಈಸ್ಟ್ ಬೆಂಗಾಲಿನಲ್ಲಿ. 1949ರಿಂದ 1951ರವರೆಗೆ ಸತತವಾಗಿ ಮೂರು ಷೀಲ್ಡುಗಳನ್ನು ಆ ಸಂಘವು ಗೆದ್ದಿತು. ಹಣವೂ ಪ್ರೇಕ್ಷಕರೂ ಇದ್ದಲ್ಲಿಗೆ ಪ್ರತಿಭೆ ಹರಿಯುವುದು. ಪ್ರತಿಭೆ ಸೇರಿದಲ್ಲಿ ಗೆಲುವು, ಗೆಲುವಿದ್ದಲ್ಲಿ ಮತ್ತೆ ಹಣ. ಯಜಮಾನಿಕೆಯ ಗುಟ್ಟು ಇಷ್ಟೇ. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು ತಮ್ಮ ತಂಡಗಳನ್ನು ಕಟ್ಟಿ ಆಟಗಾರರಿಗೆ ಉದ್ಯೋಗವಿತ್ತುದು ಈ ಪ್ರವಾಹಕ್ಕೆ ಕಟ್ಟಿದ ಒಂದು ಒಡ್ಡು.

ಆದರೆ ಬೆಂಗಳೂರಿನಿಂದ ದೂರವಿದ್ದವರ ಪಾಡೇನು? ಬಳ್ಳಾರಿಯನ್ನು ನೋಡಿರಿ. ಅದು ಮದರಾಸಿನಿಂದ ಬೇರ್ಪಟ್ಟು ಮೈಸೂರನ್ನು ಸೇರಿದುದು 1953ರ ಅಕ್ಟೋಬರ್ 1ರಂದು. ಮೈಸೂರಿನ ಮೊದಲಿನ ಎರಡು ಗೆಲುವುಗಳಲ್ಲಿ ಅದಕ್ಕೆ ಪಾಲಿರಲಿಲ್ಲ. ಕಾಲ ತಿರುಗಿತು. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗನ್ನು ಗೆದ್ದ ಬೆಂಗಳೂರು ಎಫ್.ಸಿ. ಸಂಘವು ಬಾಲಕರ ವಸತಿ ತರಬೇತಿಶಾಲೆಯನ್ನು ಬಳ್ಳಾರಿ ಜಿಲ್ಲೆಯ ವಿಜಯನಗರದ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ ತೆರೆಯಿತು. 2023ರ ಮಾರ್ಚ್ 4ರಂದು ಕರ್ನಾಟಕವು ರಿಯಾಧ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಪಾರಿತೋಷಕವನ್ನು ಮರಳಿ ಪಡೆಯಿತು.

ಒಂದು ಗೆಲುವಿನಿಂದ ಯಜಮಾನಿಕೆ ಅಲುಗುವುದು. ಬಯಲುಗಳು ಹೆಚ್ಚಿದಾಗಲೇ ಅದು ಹಂಚಿಹೋಗುವುದು. ಹಲಕುಂದಿಯ ಹುಡುಗನೊಬ್ಬನಿಗೆ ತನ್ನೂರಿನ ಸಮೀಪದಲ್ಲಿಯೇ ಬಯಲೂ ಗುರುವೂ ದೊರೆತರೆ, ಆಡುವುದಕ್ಕಾಗಿ ಅವನು ಕಲ್ಕತ್ತೆಯ ದಾರಿ ಹಿಡಿಯಬೇಕಾಗಿಲ್ಲ. ನಮ್ಮ ನಗರಗಳ ಕ್ರೀಡಾಭಿಮಾನಿಗಳು ಇದನ್ನು ನೆನಪಿನಲ್ಲಿಡುವುದು ಲೇಸು.