ಎರಡು ರನ್ನಿನ ಹಿಂದೆ ಅರುವತ್ತೇಳು ವರ್ಷ

2025ರ ಫೆಬ್ರವರಿ 21, ಶುಕ್ರವಾರ. ಹತ್ತನೆಯ ತರಗತಿಯ ಪರೀಕ್ಷೆ ಬಾಗಿಲಿಗೆ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದ ನಾವು ನಾಲ್ಕೈದು ಮಂದಿ, ಕೆಂಪು ಪೆನ್ನು ಕೆಳಗಿಟ್ಟು ಒಂದೇ ಮೊಬೈಲಿಗೆ ತಲೆ ಜೋಡಿಸಿದ್ದೆವು. ಅಹಮದಾಬಾದಿನಲ್ಲಿ ರಣಜಿ ಟ್ರೋಫಿ ಸೆಮಿಫೈನಲಿನ ಕೊನೆಯ ದಿನ. ಕೇರಳದ 457ಕ್ಕೆ ಉತ್ತರವಾಗಿ ಗುಜರಾತ್ 455 ರನ್ ಮಾಡಿತ್ತು, ಒಂದೇ ವಿಕೆಟ್ ಬಾಕಿ. ಆದಿತ್ಯ ಸರ್ವಟೆಯವರ ಎಸೆತವನ್ನು ಗುಜರಾತಿನ ಕೊನೆಯ ಆಟಗಾರ ಬಲವಾಗಿ ಬೀಸಿದರು. ಚೆಂಡು ಪಕ್ಕದಲ್ಲೇ ನಿಂತಿದ್ದ ಸಲ್ಮಾನ್ ನಿಸಾರ್ ಅವರ ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಚಿಮ್ಮಿತು, ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿಯವರ ಕೈಗೆ ಬಂದು ಬಿತ್ತು!

ಕ್ರಿಕೆಟ್ ನೋಡದವರಿಗೆ ಒಂದು ಮಾತು. ಐದು ದಿನದ ರಣಜಿ ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಯಾರಿಗೆ ಮುನ್ನಡೆಯೋ ಅವರೇ ಮುಂದಕ್ಕೆ. ಹಾಗಾಗಿ ಎರಡೇ ಎರಡು ರನ್ನಿನ ಬಲದಲ್ಲಿ ಕೇರಳ ಮೊಟ್ಟಮೊದಲ ಬಾರಿಗೆ ಫೈನಲಿಗೆ ಹೋಯಿತು. ಮರುದಿನ ಎಲ್ಲರ ಬಾಯಲ್ಲೂ ಆ ಹೆಲ್ಮೆಟ್ಟಿನದೇ ಸುದ್ದಿ, ಅದೃಷ್ಟದ್ದೇ ಮಾತು. ಅದೃಷ್ಟವೇ, ಅಲ್ಲ ಎನ್ನುವುದಿಲ್ಲ. ಆದರೆ ಆ 457 ರನ್ ಅದೃಷ್ಟದಿಂದ ಬಂದದ್ದಲ್ಲ. ಅದರಲ್ಲಿ 177 ರನ್ನನ್ನು 341 ಎಸೆತ ಎದುರಿಸಿ, ಔಟಾಗದೆ ಮಾಡಿದವರು ನಮ್ಮ ಕಾಸರಗೋಡು ಪೇಟೆಯ ತಳಂಗರೆಯ ಹುಡುಗ, ವಿಕೆಟ್ ಕೀಪರ್ ಮೊಹಮ್ಮದ್ ಅಜರುದ್ದೀನ್.

ಇಲ್ಲಿ ನಮ್ಮ ಗುಟ್ಟೊಂದನ್ನು ಹೇಳಿಬಿಡಬೇಕು. ನಾವು, ಅಂದರೆ ಇಲ್ಲಿನ ಕನ್ನಡ ಶಾಲೆಗಳಲ್ಲಿ ಕಲಿತು ಕಲಿಸಿದವರು, ಕೇರಳ ತಂಡಕ್ಕೆ ಜೈಕಾರ ಹಾಕಿದವರಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಕೇರಳ ಎಂಬ ಹೆಸರಿನ ತಂಡ ರಣಜಿಯಲ್ಲಿ ಆಡತೊಡಗಿದ್ದು 1957-58ರಲ್ಲಿ. ಒಂದೇ ರಾಜ್ಯ ವಿಂಗಡಣೆಯ ಅವಳಿ ಮಕ್ಕಳು ಎನ್ನಬಹುದು. ಆದರೂ ನಮ್ಮ ಮನಸ್ಸೆಲ್ಲ ಚಂದ್ರಗಿರಿ ಹೊಳೆಯ ಬಡಗು ದಿಕ್ಕಿಗೇ. ಹದಿನೈದು ವರ್ಷ ಬಿಡದೆ ಗೆದ್ದ ಮುಂಬಯಿಯನ್ನು ಸೆಮಿಫೈನಲಿನಲ್ಲಿ ಕೆಡವಿ, 1973-74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ನಮ್ಮವರೇ ಆಗಿದ್ದರು. ಆಮೇಲೆ ಅನಿಲ್ ಕುಂಬ್ಳೆ ಬಂದರಲ್ಲ, ಕೇಳುವುದೇ ಬೇಡ. ಹುಟ್ಟಿ ಬೆಳೆದದ್ದು ಬೆಂಗಳೂರಾದರೂ ಹೆಸರಿನಲ್ಲಿ ನಮ್ಮ ಕುಂಬಳೆ ಇತ್ತು.

ಅದೇ ಹೊತ್ತಿಗೆ ಕೇರಳದಲ್ಲೂ ಒಬ್ಬ ಲೆಗ್ ಸ್ಪಿನ್ನರ್ ಇದ್ದರು, ಕೆ. ಎನ್. ಅನಂತಪದ್ಮನಾಭನ್. ಪ್ರಥಮ ದರ್ಜೆ ಪಂದ್ಯಗಳಲ್ಲಿ 344 ವಿಕೆಟ್ ತೆಗೆದರೂ ಭಾರತಕ್ಕೆ ಆಡುವ ಯೋಗ ಬರಲಿಲ್ಲ. ಕುಂಬ್ಳೆ ಇರುವಾಗ ಇನ್ನೊಬ್ಬ ಲೆಗ್ ಸ್ಪಿನ್ನರಿಗೆ ಜಾಗ ಎಲ್ಲಿ? ಅನಂತಪದ್ಮನಾಭನ್ ಮುಂದೆ ಅಂಪೈರ್ ಆದರು. ಒಂದೇ ಕಾಲದ ಇಬ್ಬರು, ಅದೂ ಒಂದೇ ವಿದ್ಯೆಯವರು. ನಮ್ಮ ಊರಿನವರಿಗೆ ಒಬ್ಬರ ಹೆಸರು ಮಾತ್ರ ಗೊತ್ತು.

ಕೇರಳದಲ್ಲಿ ಆಟಗಾರರೇ ಇರಲಿಲ್ಲವೆಂದು ತಿಳಿಯಬೇಡಿ. ತಲಶ್ಶೇರಿಯಲ್ಲಿ ಬ್ರಿಟಿಷರ ಕಾಲದಿಂದಲೂ ಕ್ರಿಕೆಟ್ ಇದೆ; ಕ್ರಿಕೆಟ್, ಕೇಕು, ಸರ್ಕಸ್ಸು ಈ ಮೂರಕ್ಕೆ ಆ ಊರು ಹೆಸರಾದದ್ದು. ಬಾಲನ್ ಪಂಡಿತ್ 1959-60ರಷ್ಟು ಹಿಂದೆಯೇ ಆಂಧ್ರದ ಮೇಲೆ 262 ರನ್ ಹೊಡೆದು ಔಟಾಗದೆ ಉಳಿದಿದ್ದರು. ಒಬ್ಬೊಬ್ಬರಾಗಿ ಒಳ್ಳೆಯ ಆಟಗಾರರು ಹುಟ್ಟುತ್ತಲೇ ಇದ್ದರು, ಆದರೆ ತಂಡ ಕಟ್ಟಲಾಗಲಿಲ್ಲ. ದಕ್ಷಿಣ ವಲಯದಲ್ಲಿ ಮೈಸೂರು, ಮದ್ರಾಸು, ಹೈದರಾಬಾದುಗಳ ಎದುರು ಸೋಲುವುದೇ ಅಭ್ಯಾಸವಾಗಿಬಿಟ್ಟಿತು. ಬೆಂಗಳೂರಿನಲ್ಲಿ ಕ್ಲಬ್ಬುಗಳ ಲೀಗ್ ಇತ್ತು, ವರ್ಷವಿಡೀ ಪಂದ್ಯ. ಕೇರಳದಲ್ಲಿ ಆರು ತಿಂಗಳು ಮಳೆ, ಮತ್ತೆ ಫುಟ್‌ಬಾಲಿನ ಹುಚ್ಚು. ರಾಜ್ಯದ ಆಟಗಾರರೊಬ್ಬರು ಟೆಸ್ಟ್ ಆಡಲು 2001ರ ಡಿಸೆಂಬರ್ ಬರಬೇಕಾಯಿತು. ಅವರು ವೇಗದ ಬೌಲರ್ ಟಿನು ಯೋಹನ್ನಾನ್. 1974ರ ಟೆಹರಾನ್ ಏಷ್ಯಾಡಿನಲ್ಲಿ 8.07 ಮೀಟರ್ ಹಾರಿ ಚಿನ್ನ ಗೆದ್ದ ಟಿ. ಸಿ. ಯೋಹನ್ನಾನರ ಮಗ.

ಬದಲಾವಣೆ ನಿಧಾನವಾಗಿ ಬಂತು. ಕೇರಳ ಕ್ರಿಕೆಟ್ ಸಂಸ್ಥೆ ದೊಡ್ಡ ಪೇಟೆಗಳನ್ನೇ ನೆಚ್ಚಿ ಕೂರದೆ ಹೊರಗೆ ಮೈದಾನ ಮಾಡತೊಡಗಿತು. ಪೆರಿಂದಲ್ಮಣ್ಣದಲ್ಲಿ, ತುಂಬದ ಕಾಲೇಜಿನ ಜಾಗದಲ್ಲಿ, ವಯನಾಡಿನ ಕೃಷ್ಣಗಿರಿಯ ಗುಡ್ಡದ ಮೇಲೆ. ಹುಲ್ಲಿನ ಪಿಚ್ಚು ಹಳ್ಳಿಯ ಹುಡುಗನಿಗೆ ಬಸ್ಸಿನ ದೂರದಲ್ಲಿ ಸಿಕ್ಕಿತು. ವಯಸ್ಸಿನ ಲೆಕ್ಕದಲ್ಲಿ ಜಿಲ್ಲೆ ಜಿಲ್ಲೆಗಳ ನಡುವೆ ಪಂದ್ಯಗಳು ನಡೆದವು. ಒಟ್ಟು ಹದಿನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದು. ತೆಂಕಣ ತುದಿಯವರ ಕಣ್ಣಿಗೆ ಕಾಸರಗೋಡು ಎಲ್ಲದರಲ್ಲೂ ಕೊನೆಯ ಜಿಲ್ಲೆ. ಆದರೆ ತಂಡ ಆರಿಸುವಾಗ ಹದಿನಾಲ್ಕರಲ್ಲಿ ಒಂದು ಎಂಬ ಲೆಕ್ಕವಾದರೂ ಸಿಕ್ಕಿತಲ್ಲ!

ಆಡುವ ಹುಡುಗರಿಗೆ ಆಡಿಸುವವರೂ ಬೇಕು. 2016ರಲ್ಲಿ ಮಧ್ಯಪ್ರದೇಶದಿಂದ ಜಲಜ್ ಸಕ್ಸೇನಾ ಎಂಬ ಆಲ್‌ರೌಂಡರ್ ಬಂದರು. 2017ರಲ್ಲಿ ಡೇವ್ ವಾಟ್ಮೋರ್ ಕೋಚ್ ಆಗಿ ಬಂದರು, 1996ರಲ್ಲಿ ಶ್ರೀಲಂಕಾಕ್ಕೆ ವಿಶ್ವಕಪ್ ಗೆಲ್ಲಿಸಿದವರು. ಆ ವರ್ಷವೇ ಮೊದಲ ಸಲ ಕ್ವಾರ್ಟರ್ ಫೈನಲ್. ಅಲ್ಲಿ ವಿದರ್ಭದ ಎದುರು 412 ರನ್ನುಗಳ ಸೋಲು.

ತಂಡ ಕಟ್ಟುವುದು ಬರೀ ನೆಟ್ ಪ್ರಾಕ್ಟೀಸ್ ಅಲ್ಲ ಎನ್ನುವುದು ಗೊತ್ತಾದದ್ದು 2018ರಲ್ಲಿ. ಆಗಸ್ಟಿನಲ್ಲಿ ಹದಿಮೂರು ಆಟಗಾರರು ನಾಯಕ ಸಚಿನ್ ಬೇಬಿಯವರ ವಿರುದ್ಧ ಸಂಸ್ಥೆಗೆ ಪತ್ರ ಬರೆದರು. ಹದಿಮೂರು ಅಂದರೆ ಒಂದು ಇಡೀ ತಂಡವೇ ಆಯಿತು. ನಮ್ಮ ಶಾಲೆಗಳಲ್ಲಿ ಇಂಥದ್ದು ನಡೆದರೆ ಆ ವರ್ಷ ಮುಗಿದ ಹಾಗೆಯೇ. ಅಲ್ಲಿ ಸಂಸ್ಥೆ ಶಿಸ್ತಿನ ಕ್ರಮ ಕೈಗೊಂಡಿತು, ನಾಯಕನನ್ನು ಬದಲಿಸಲಿಲ್ಲ. ಪತ್ರ ಬರೆದವರನ್ನು ಪೂರ್ತಿ ಹೊರಗೂ ಹಾಕಲಿಲ್ಲ. ಈ ಎರಡನೆಯದೇ ದೊಡ್ಡ ತೀರ್ಮಾನ ಎಂದು ನಮಗನಿಸುತ್ತದೆ. ಐದು ತಿಂಗಳ ನಂತರ, 2019ರ ಜನವರಿಯಲ್ಲಿ, ಕೃಷ್ಣಗಿರಿಯಲ್ಲಿ ಗುಜರಾತನ್ನು 81 ರನ್ನಿಗೆ ಉದುರಿಸಿ 113 ರನ್ನುಗಳಿಂದ ಗೆದ್ದು, ಕೇರಳ ಮೊದಲ ಸಲ ಸೆಮಿಫೈನಲ್ ತಲುಪಿತು. ಅಲ್ಲಿ ಮತ್ತೆ ಎದುರಾದದ್ದು ವಿದರ್ಭ. ಇನಿಂಗ್ಸ್ ಮತ್ತು 11 ರನ್ ಸೋಲು.

ಈ ವಿದರ್ಭದವರೂ ಮೊದಲು ನಮ್ಮ ಹಾಗೆಯೇ ಹಿಂದಿನ ಬೆಂಚಿನವರು. ನಾಗಪುರದಲ್ಲಿ ಹುಡುಗರನ್ನು ಇಟ್ಟುಕೊಂಡು ಬೆಳೆಸಿದರು, ಹೊರಗಿನಿಂದ ವಾಸಿಂ ಜಾಫರ್ ಬಂದರು, ಕೋಚ್ ಆಗಿ ಚಂದ್ರಕಾಂತ್ ಪಂಡಿತ್. 2017ರ ಡಿಸೆಂಬರಿನಲ್ಲಿ ಕರ್ನಾಟಕವನ್ನು ಸೆಮಿಫೈನಲಿನಲ್ಲಿ ಐದೇ ರನ್ನಿಂದ ಸೋಲಿಸಿ ಮುಂದೆ ಕಪ್ಪನ್ನೂ ಎತ್ತಿದರು. ಅಂದು ನಮಗೆ ಊಟ ಸೇರಲಿಲ್ಲ.

ವಯನಾಡಿನ ಮಾತು ಬಂದದ್ದಕ್ಕೆ ಇನ್ನೊಂದು. 2023ರ ಜುಲೈಯಲ್ಲಿ ಭಾರತಕ್ಕೆ ಆಡಿದ ಮಿನ್ನು ಮಣಿ ಅಲ್ಲಿನ ಕುರಿಚ್ಯ ಬುಡಕಟ್ಟಿನ ಹುಡುಗಿ. ಗದ್ದೆಯಲ್ಲಿ ಹುಡುಗರೊಂದಿಗೆ ಆಡುತ್ತಿದ್ದವಳನ್ನು ಮೊದಲು ಗುರುತಿಸಿದ್ದು ಮಾನಂತವಾಡಿಯ ಸರಕಾರಿ ಶಾಲೆಯ ದೈಹಿಕ ಶಿಕ್ಷಣದ ಟೀಚರ್. ಇದನ್ನು ಓದಿದಾಗ ನಮಗೆ ಸಂತೋಷಕ್ಕಿಂತ ಮೊದಲು ಸಂಕಟವಾಯಿತು. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಸಂಖ್ಯೆ ಇಳಿದಲ್ಲಿ ಮೊದಲು ಹೋಗುವುದು ಡ್ರಿಲ್ ಮಾಸ್ತರರ ಹುದ್ದೆ. ಆಟದ ಪೀರಿಯಡ್ ಗಣಿತಕ್ಕೋ ಮಲಯಾಳಕ್ಕೋ ಹೋಗುತ್ತದೆ. ಚೆಂಡು ಬೀರುವಿನಲ್ಲಿ, ಬೀಗದ ಕೈ ಹೆಡ್‌ಮಾಸ್ತರರ ಮೇಜಿನಲ್ಲಿ. ಹಾಗಿದ್ದರೆ ನಮ್ಮ ಮಿನ್ನುವನ್ನು ಗುರುತಿಸುವವರು ಯಾರು?

ತಳಂಗರೆಯ ಹುಡುಗನಿಗೆ ಮನೆಯೇ ಮೈದಾನವಾಗಿತ್ತು. ಎಂಟು ಮಂದಿ ಗಂಡು ಮಕ್ಕಳಲ್ಲಿ ಕಿರಿಯವನು. ಕ್ರಿಕೆಟ್ ಹುಚ್ಚಿನ ಅಣ್ಣ ಭಾರತದ ನಾಯಕನ ಹೆಸರನ್ನೇ ತಮ್ಮನಿಗೆ ಇಡಿಸಿದ. 2021ರ ಜನವರಿಯಲ್ಲಿ ಮುಂಬಯಿಯ ಮೇಲೆ 37 ಎಸೆತದಲ್ಲಿ ಶತಕ ಹೊಡೆದಾಗ ದೇಶವೇ ತಿರುಗಿ ನೋಡಿತು. ಬೆಂಗಳೂರಿನ ಐಪಿಎಲ್ ತಂಡ ಕೊಂಡುಕೊಂಡಿತು, ಆದರೆ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಅದೇ ಮನುಷ್ಯ ನಾಲ್ಕು ವರ್ಷದ ಬಳಿಕ ಅಹಮದಾಬಾದಿನಲ್ಲಿ 341 ಎಸೆತ ತಾಳ್ಮೆಯಿಂದ ನಿಂತರು. 2024ರಲ್ಲಿ ಕೋಚ್ ಆಗಿ ಬಂದ ಅಮಯ್ ಖುರಾಸಿಯಾ ಅವರ ಕಾಲದಲ್ಲಿ ಇಡೀ ತಂಡವೇ ಹೀಗೆ ಕಚ್ಚಿಕೊಂಡು ನಿಲ್ಲುವುದನ್ನು ಕಲಿತಿತ್ತು. ಕ್ವಾರ್ಟರ್ ಫೈನಲಿನಲ್ಲಿ ಜಮ್ಮು ಕಾಶ್ಮೀರದ 280ಕ್ಕೆ ಕೇರಳ 281, ಒಂದೇ ರನ್ನಿನ ಮುನ್ನಡೆ! ತಲಶ್ಶೇರಿಯ ಸಲ್ಮಾನ್ ನಿಸಾರ್ ಕೊನೆಯ ವಿಕೆಟಿಗೆ ಬೇಸಿಲ್ ತಂಪಿ ಜತೆ 81 ರನ್ ಸೇರಿಸಿದ್ದರಿಂದ ಅದು ಬಂತು.

ನಾಗಪುರದ ಫೈನಲಿನಲ್ಲಿ ಮೂರನೆಯ ಸಲವೂ ವಿದರ್ಭ. ಅವರು 379, ಕೇರಳ 342. ಸಚಿನ್ ಬೇಬಿ 98ಕ್ಕೆ ಔಟಾದರು. ಎರಡನೆಯ ಇನಿಂಗ್ಸಿನಲ್ಲಿ 135 ಹೊಡೆದು ಬಾಗಿಲು ಮುಚ್ಚಿದವರು ಆಗ ವಿದರ್ಭಕ್ಕೆ ಆಡುತ್ತಿದ್ದ ಕರುಣ್ ನಾಯರ್, ಕರ್ನಾಟಕದಲ್ಲಿ ಬೆಳೆದ ಮಲಯಾಳಿ. ಪಂದ್ಯ ಡ್ರಾ, ಕಪ್ಪು ವಿದರ್ಭಕ್ಕೆ.

ಮುಂದಿನ ಋತುವಿಗೆ ಜಲಜ್ ಮಹಾರಾಷ್ಟ್ರಕ್ಕೆ ಹೋದರು, ಸರ್ವಟೆ ಛತ್ತೀಸಗಢಕ್ಕೆ. ಅಜರುದ್ದೀನ್ ಕೇರಳದ ನಾಯಕರಾದರು. 2025ರ ನವೆಂಬರಿನಲ್ಲಿ ಅವರ ತಂಡ ತಿರುವನಂತಪುರದಲ್ಲಿ ಕರ್ನಾಟಕವನ್ನು ಎದುರಿಸಿತು. ಕರ್ನಾಟಕಕ್ಕೆ ಮರಳಿದ್ದ ಕರುಣ್ ನಾಯರ್ 233 ಹೊಡೆದರು, ಕೇರಳ ಇನಿಂಗ್ಸ್ ಮತ್ತು 164 ರನ್ನಿಂದ ಸೋತಿತು. ಏಳನೆಯ ತರಗತಿಯ ಹುಡುಗನೊಬ್ಬ ಪೇಪರ್ ಹಿಡಿದುಕೊಂಡು ಬಂದು, "ಸರ್, ಇದರಲ್ಲಿ ನಾವು ಗೆದ್ದದ್ದಾ, ಸೋತದ್ದಾ?" ಎಂದು ಕೇಳಿದ. ಬೀರುವಿನ ಬೀಗದ ಕೈ ತರಲು ಅವನನ್ನೇ ಕಳಿಸಿದೆವು.