ಕೋವಿ ಹಿಡಿದವನನ್ನು ತಡೆಯುವ ಅಧಿಕಾರ: ಆಯುಧ ಕಾಯ್ದೆಯ 19 ಮತ್ತು 20ನೇ ಕಲಮುಗಳು, ಕೊಡಗಿನ ವಿನಾಯಿತಿ

ಬಂದೂಕು ಒಯ್ಯುತ್ತಿರುವವನನ್ನು ಪೊಲೀಸರು ದಾರಿಯಲ್ಲಿ ನಿಲ್ಲಿಸಿದಾಗ ಎರಡು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ಇದನ್ನು ಇಟ್ಟುಕೊಳ್ಳಲು ಇವನಿಗೆ ಹಕ್ಕಿದೆಯೇ? ಇದನ್ನು ಇವನು ಏತಕ್ಕಾಗಿ ಒಯ್ಯುತ್ತಿದ್ದಾನೆ? ಮೊದಲ ಪ್ರಶ್ನೆಗೆ ಕಾಗದಪತ್ರ ಉತ್ತರಿಸಬಲ್ಲದು, ಎರಡನೆಯದಕ್ಕೆ ಉತ್ತರಿಸಲಾರದು. 1959ರ ಆಯುಧ ಕಾಯ್ದೆ ಈ ಎರಡನ್ನೂ ಪ್ರತ್ಯೇಕ ಕಲಮುಗಳಲ್ಲಿ ಇರಿಸಿದೆ: ಹಕ್ಕಿನ ಪ್ರಶ್ನೆ 19ರಲ್ಲಿ, ಉದ್ದೇಶದ ಪ್ರಶ್ನೆ 20ರಲ್ಲಿ. ಈ ಎರಡು ಕಲಮುಗಳ ನಡುವಿನ ಗೆರೆ ಅಳಿಸಿಹೋದಲ್ಲೆಲ್ಲ ಕಾನೂನುಬದ್ಧವಾಗಿ ಕೋವಿ ಹಿಡಿದವನು ಠಾಣೆಯ ಬೆಂಚಿನ ಮೇಲೆ ಕೂರಬೇಕಾಗುತ್ತದೆ ಎಂಬುದು ಈ ಲೇಖನದ ವಾದ. ಆ ಗೆರೆಯ ಅಗತ್ಯ ಅತ್ಯಂತ ಸ್ಪಷ್ಟವಾಗಿ ಕಾಣುವ ಜಾಗ ಕೊಡಗು. ಅಲ್ಲಿ ಕೋವಿಯ ಹಕ್ಕು ಪರವಾನಗಿಯಿಂದ ಹುಟ್ಟುವುದಿಲ್ಲ, ಹುಟ್ಟಿದ ಒಕ್ಕದಿಂದಲೋ (ಕೊಡವ ಮನೆತನ) ವಂಶಪಾರಂಪರ್ಯದ ಜಮ್ಮಾ ಭೂಮಿಯಿಂದಲೋ ಬರುತ್ತದೆ.

ಮೊದಲು 19ನೇ ಕಲಂ. ಆಯುಧ ಅಥವಾ ಮದ್ದುಗುಂಡು ಒಯ್ಯುತ್ತಿರುವ ಯಾರಿಂದಲೇ ಆಗಲಿ ಪರವಾನಗಿ ತೋರಿಸುವಂತೆ ಕೇಳಲು ಪೊಲೀಸ್ ಅಧಿಕಾರಿಗೆ ಅದು ಅಧಿಕಾರ ಕೊಡುತ್ತದೆ. ಇದಕ್ಕೆ ಅನುಮಾನ ಬೇಕಿಲ್ಲ, ಆಯುಧ ಕಂಡರೆ ಸಾಕು. ಪರವಾನಗಿ ಇಲ್ಲದಿದ್ದರೆ, ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆಯೂ ಒಯ್ಯುವ ಹಕ್ಕು ತನಗಿದೆ ಎಂದು ತೋರಿಸಿಕೊಡಲು ಆ ವ್ಯಕ್ತಿಗೆ ಅವಕಾಶವಿದೆ. ಎರಡೂ ಆಗದಿದ್ದಲ್ಲಿ ಅಧಿಕಾರಿ ಅವನ ಹೆಸರು, ವಿಳಾಸ ಕೇಳಬಹುದು ಮತ್ತು ಅಗತ್ಯವೆನಿಸಿದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಬಂಧನದ ಮಾತು ಬರುವುದು ಇದರ ನಂತರ, ಅದೂ ಮೂರು ಸಂದರ್ಭಗಳಲ್ಲಿ ಮಾತ್ರ: ಹೆಸರು ವಿಳಾಸ ಹೇಳಲು ನಿರಾಕರಿಸಿದರೆ, ಹೇಳಿದ್ದು ಸುಳ್ಳೆಂಬ ಅನುಮಾನ ಬಂದರೆ, ಅಥವಾ ತಲೆಮರೆಸಿಕೊಳ್ಳುವ ಲಕ್ಷಣ ಕಂಡರೆ.

ಈ ಕ್ರಮವನ್ನು ನಿಧಾನವಾಗಿ ಓದಬೇಕು. ಆಯುಧವನ್ನು ಇಟ್ಟುಕೊಂಡು ಮನುಷ್ಯನನ್ನು ಕಳುಹಿಸಬಹುದಾದ ಒಂದು ಹಂತವನ್ನು ಶಾಸಕಾಂಗ ಬೇಕೆಂದೇ ನಿರ್ಮಿಸಿದೆ. ಸಾರ್ವಜನಿಕ ಸುರಕ್ಷತೆಯ ಚಿಂತೆ ಬಂದೂಕಿನಿಂದಲ್ಲವೇ? ಹಾಗಾದರೆ ಬಂದೂಕು ಪೊಲೀಸರ ಕೈಗೆ ಬಂದೊಡನೆ ಚಿಂತೆಯ ಬಹುಭಾಗ ಕಳೆಯಿತು. ಮನೆಯಲ್ಲಿ ಮರೆತುಬಂದ ಪರವಾನಗಿ ಪುಸ್ತಿಕೆಯನ್ನು ಮಾರನೆಯ ದಿನ ತಂದು ತೋರಿಸಿ ಕೋವಿ ಬಿಡಿಸಿಕೊಂಡು ಹೋಗಲು ಇಲ್ಲಿ ದಾರಿ ಇದೆ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪ ಬರಬಹುದು. ಪರವಾನಗಿಯಿಲ್ಲದೆ ಬಂದೂಕು ಹೊಂದುವುದು 25ನೇ ಕಲಮಿನಡಿ ಸಂಜ್ಞೇಯ ಅಪರಾಧ. ಹಾಗಿರುವಾಗ 19ರ ಮೆಟ್ಟಿಲುಗಳನ್ನು ಹತ್ತದೆಯೇ ಸಾಮಾನ್ಯ ದಂಡಪ್ರಕ್ರಿಯೆಯ ಅಧಿಕಾರ ಬಳಸಿ ಬಂಧಿಸಬಹುದಲ್ಲ? ಬಂಧಿಸಬಹುದು, ಆದರೆ ಷರತ್ತಿದೆ. ಸಾಮಾನ್ಯ ಬಂದೂಕಿನ ಮಟ್ಟಿಗೆ 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕಿರುವ ಶಿಕ್ಷೆ ಎರಡರಿಂದ ಐದು ವರ್ಷ. ಏಳು ವರ್ಷ ಮೀರದ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಿ ನಡೆಯಬಾರದು, ಅದು ಏಕೆ ಅಗತ್ಯವೆಂದು ಅಧಿಕಾರಿ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ವಿಧಿಸಿತು. ಮೇಲಾಗಿ 39ನೇ ಕಲಮಿನ ಪ್ರಕಾರ, ಪರವಾನಗಿಯನ್ನು ಕಡ್ಡಾಯಗೊಳಿಸುವ 3ನೇ ಕಲಮಿನ ಉಲ್ಲಂಘನೆಗೆ ಮೊಕದ್ದಮೆ ಹೂಡಲು ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಬೇಕು. ಯಾರ ಹತ್ತಿರ ಯಾವ ಕೋವಿ ಇದೆ ಎಂಬ ಲೆಕ್ಕ ಇರುವುದೂ ಅವರ ಕಚೇರಿಯಲ್ಲೇ. ಆ ಲೆಕ್ಕ ನೋಡುವ ಮೊದಲೇ ಮನುಷ್ಯನನ್ನು ಒಳಗೆ ಹಾಕುವುದು ಕಾಯ್ದೆಯ ವಿನ್ಯಾಸಕ್ಕೆ ವಿರುದ್ಧವಾದ ನಡೆ.

20ನೇ ಕಲಂ ಬೇರೆಯೇ ಜಾತಿಯದು. ಪರವಾನಗಿ ಇರಲಿ ಇಲ್ಲದಿರಲಿ, ಕಾನೂನುಬಾಹಿರ ಕೆಲಸಕ್ಕೆ ಬಳಸುವ ಉದ್ದೇಶವಿದೆ ಅಥವಾ ಹಾಗೆ ಬಳಕೆಯಾಗಬಹುದು ಎಂಬ ನ್ಯಾಯವಾದ ಅನುಮಾನಕ್ಕೆ ಎಡೆಮಾಡುವ ರೀತಿಯಲ್ಲಿ ಅಥವಾ ಸನ್ನಿವೇಶದಲ್ಲಿ ಆಯುಧ ಒಯ್ಯುತ್ತಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಪೊಲೀಸರಷ್ಟೇ ಅಲ್ಲ, ಇತರ ಸಾರ್ವಜನಿಕ ನೌಕರರಿಗೂ ರೈಲು, ವಾಹನಗಳಲ್ಲಿ ಕೆಲಸ ಮಾಡುವವರಿಗೂ ಈ ಅಧಿಕಾರವಿದೆ. ಇದರ ಬೇರು ವೈಸರಾಯ್ ಲಿಟ್ಟನ್ ಕಾಲದ 1878ರ ಕಾಯ್ದೆಯ 12ನೇ ಕಲಮಿನಲ್ಲಿದೆ. ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟು ಭಾರತೀಯರನ್ನು ನಿರಾಯುಧರನ್ನಾಗಿಸಿದ ಕಾಯ್ದೆ ಅದು. ಸ್ವತಂತ್ರ ಭಾರತ ಹೊಸ ಕಾಯ್ದೆ ಬರೆದಾಗಲೂ ಈ ಕಲಮಿನ ಪದಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿತು.

ಆ ಪದಗಳು ವ್ಯಾಪಕವಾಗಿವೆ, ನಿಜ. ಆದರೂ ಅವುಗಳೊಳಗೇ ಒಂದು ಮಿತಿ ಇದೆ. ಅನುಮಾನ ಹುಟ್ಟಬೇಕಾದದ್ದು ಒಯ್ಯುವ ರೀತಿಯಿಂದ ಅಥವಾ ಸನ್ನಿವೇಶದಿಂದ, ಆಯುಧದ ಇರುವಿಕೆಯಿಂದಲ್ಲ. ಇರುವಿಕೆಯೇ ಸಾಕಾಗಿದ್ದರೆ ‘ರೀತಿ’, ‘ಸನ್ನಿವೇಶ’ ಎಂಬ ಮಾತುಗಳನ್ನು ಸೇರಿಸುವ ಕಾರಣವಿರಲಿಲ್ಲ. ತೋಟದಿಂದ ತೋಟಕ್ಕೆ ಹಗಲಿನಲ್ಲಿ ಜೋಡುನಳಿಕೆ ಕೋವಿ ಹೆಗಲಿಗೇರಿಸಿ ಹೋಗುವವನಿಗೂ, ಗಡಿ ಜಗಳ ನಡೆಯುತ್ತಿರುವ ಗದ್ದೆಯ ಅಂಚಿನಲ್ಲಿ ತೋಟಾ ತುಂಬಿ ಕಾದು ನಿಂತವನಿಗೂ ಇರುವ ಅಂತರವನ್ನು ಈ ಕಲಂ ಹಿಡಿಯಬಲ್ಲದು. ಎರಡನೆಯವನ ಜೇಬಿನಲ್ಲಿ ಊರ್ಜಿತ ಪರವಾನಗಿ ಇದ್ದರೂ ಅದು ಅವನನ್ನು ಕಾಪಾಡದು, ಕಾಪಾಡಬಾರದು ಕೂಡ.

ಅಮೆರಿಕದಲ್ಲಿ ಇದೇ ಪ್ರಶ್ನೆಯ ಮೇಲೆ ಸಂವಿಧಾನದ ಮಟ್ಟದಲ್ಲಿ ಇನ್ನೂ ಕಾದಾಟ ನಡೆದಿದೆ. ಅಲ್ಲಿನ ಸುಪ್ರೀಂ ಕೋರ್ಟಿನ 1968ರ ಟೆರ್ರಿ ತೀರ್ಪು ಬಂಧನಕ್ಕಿಂತ ಕಡಿಮೆಯಾದ, ಅಲ್ಪಕಾಲದ ತಡೆಯನ್ನು ಸಮಂಜಸ ಶಂಕೆಯ ಮೇಲೆ ಒಪ್ಪಿತು. ಬಂದೂಕು ಹೊರುವುದು ಕಾನೂನುಬದ್ಧವಾಗಿರುವ ರಾಜ್ಯದಲ್ಲಿ ಬಂದೂಕೇ ಶಂಕೆಗೆ ಆಧಾರವಾದೀತೇ? ಆಗದು ಎಂದು 2013ರಲ್ಲಿ ನಾಲ್ಕನೇ ವಲಯದ ಮೇಲ್ಮನವಿ ನ್ಯಾಯಾಲಯ ಹೇಳಿತು. 2015ರಲ್ಲಿ ಓಹಾಯೋದ ಟೊಲೆಡೊ ನಗರದ ಪ್ರಕರಣದಲ್ಲಿ ಆರನೇ ವಲಯ, 2019ರಲ್ಲಿ ಪೆನ್ಸಿಲ್ವೇನಿಯದ ಸರ್ವೋಚ್ಚ ನ್ಯಾಯಾಲಯ ಅದೇ ನಿಲುವು ತಳೆದವು. ಆದರೆ ಅದೇ ನಾಲ್ಕನೇ ವಲಯದ ಪೂರ್ಣಪೀಠ 2017ರಲ್ಲಿ, ಬೇರೆ ಕಾರಣಕ್ಕೆ ನ್ಯಾಯಬದ್ಧವಾಗಿ ತಡೆಯಲ್ಪಟ್ಟವನ ಬಳಿ ಆಯುಧವಿದ್ದರೆ, ಅದು ಕಾನೂನುಬದ್ಧವಾಗಿದ್ದರೂ ಅವನು ಅಪಾಯಕಾರಿಯೆಂದು ಭಾವಿಸಿ ಮೈ ತಡವಬಹುದು ಎಂದಿತು. ಕಾಗದ ಸರಿಯಿದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ ಎಂಬುದಕ್ಕೆ 2016ರ ಜುಲೈ 6ರಂದು ಮಿನ್ನೆಸೋಟದಲ್ಲಿ ಸತ್ತ ಫಿಲಾಂಡೊ ಕ್ಯಾಸ್ಟೀಲ್ ಸಾಕ್ಷಿ. ಆತನಿಗೆ ಪರವಾನಗಿ ಇತ್ತು. ತನ್ನ ಬಳಿ ಬಂದೂಕಿದೆ ಎಂದು ತಾನಾಗಿಯೇ ಪೊಲೀಸನಿಗೆ ಹೇಳಿದ. ಹೇಳಿದ ಕೆಲವೇ ಕ್ಷಣಗಳಲ್ಲಿ ಗುಂಡು ಬಿತ್ತು. ಗುಂಡು ಹಾರಿಸಿದ ಅಧಿಕಾರಿ ಮರುವರ್ಷ ಖುಲಾಸೆಯಾದ. ಕ್ಯಾಸ್ಟೀಲ್ ಕಪ್ಪು ಜನಾಂಗದವನಾಗಿದ್ದ ಎಂಬುದನ್ನು ಬಿಟ್ಟು ಈ ಪ್ರಕರಣವನ್ನು ಓದಲಾಗದು.

ನಮ್ಮಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟ ಹಕ್ಕಾಗಿ ಅದು ಸೇರಿತ್ತು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಅದನ್ನು ಸೇರಿಸಲು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಸಭೆಯ ನಿರ್ಧಾರ ಸರಿಯಾಗಿತ್ತೆಂದೇ ನನ್ನ ಭಾವನೆ. ಆದರೆ ಕೋವಿ ಮೂಲಭೂತ ಹಕ್ಕಲ್ಲದಿರಬಹುದು, ಕೋವಿ ಹಿಡಿದವನ ಸ್ವಾತಂತ್ರ್ಯ ಮೂಲಭೂತ ಹಕ್ಕೇ. ಬಂಧನದ ಕಾರಣವನ್ನು ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ 22ನೇ ವಿಧಿಯ ರಕ್ಷಣೆ ಅವನ ಹೆಗಲ ಮೇಲೇನಿದೆ ಎಂದು ನೋಡಿ ಬರುವುದಿಲ್ಲ.

ಕೊಡಗಿಗೆ ಬರೋಣ. ಕೊಡವರಿಗೂ, ಯಾವುದೇ ಸಮುದಾಯದ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕೊನೆಯ ದಿನಗಳಲ್ಲಿ, 1861ರಲ್ಲಿ, ಕೊಡವರನ್ನು ನಿರಾಯುಧೀಕರಣ ಕಾನೂನಿನಿಂದ ಹೊರಗಿಟ್ಟ ಆದೇಶದಿಂದ ಈ ಪರಂಪರೆ ಆರಂಭ. ಈಗಿನ ಆಧಾರ 41ನೇ ಕಲಮಿನಡಿ ಕೇಂದ್ರ ಹೊರಡಿಸುವ ಅಧಿಸೂಚನೆ. 2019ರ ಅಕ್ಟೋಬರಿನಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಜನಾಂಗ ಮತ್ತು ಭೂಮಿಯ ಆಧಾರದ ಈ ವಿನಾಯಿತಿ ಸಮಾನತೆಗೆ ವಿರುದ್ಧವೆಂಬ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. ವಿನಾಯಿತಿ ಜಿಲ್ಲೆಯ ಗಡಿಗೆ ಮುಗಿಯುವುದಿಲ್ಲ. ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಯ್ಯಬಹುದಾದ ಆಯುಧ, ತೋಟಾಗಳಿಗೆ ಅಧಿಸೂಚನೆಯಲ್ಲಿ ಮಿತಿ ಇದೆ.

ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಪೇದೆಗೆ ಜಮ್ಮಾ ಕೋವಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದಿನಂದು ಒಕ್ಕದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ಪೂಜೆಗೊಳ್ಳುವ ತೋಕು (ಕೋವಿ) ಅವನಿಗೆ ಪರಿಚಿತ. ಆದರೆ ಅದೇ ಕೋವಿ ಕುಶಾಲನಗರ ದಾಟಿ ಹುಣಸೂರಿನ ಕಡೆಗೋ, ಮಾಕುಟ್ಟ ಇಳಿದು ಕೇರಳಕ್ಕೋ ಹೋದಾಗ ‘ಪರವಾನಗಿ ತೋರಿಸಿ’ ಎಂಬ ಮಾತಿಗೆ ಉತ್ತರವಾಗಿ ಪರವಾನಗಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. 19ನೇ ಕಲಂ ಇಂಥವನನ್ನು ನೆನಪಿನಲ್ಲಿಟ್ಟುಕೊಂಡೇ ಹಕ್ಕನ್ನು ತೋರಿಸಿಕೊಡುವ ಅವಕಾಶ ಕೊಟ್ಟಿದೆ. ಏನನ್ನು ತೋರಿಸಿದರೆ ತೋರಿಸಿದಂತಾಯಿತು ಎಂಬುದನ್ನು ಮಾತ್ರ ಆ ಕಲಂ ಹೇಳುವುದಿಲ್ಲ. ಹುಟ್ಟನ್ನು ರಸ್ತೆ ಬದಿಯಲ್ಲಿ ನಿಂತು ಸಾಬೀತುಪಡಿಸುವುದು ಹೇಗೆ? ಜಮ್ಮಾ ಭೂಮಿಯ ಪಹಣಿ ಹೆಚ್ಚಾಗಿ ಒಕ್ಕದ ಹಿರಿಯರ ಹೆಸರಿನಲ್ಲಿರುತ್ತದೆ, ಕೋವಿ ಹಿಡಿದು ನಿಂತ ಮೊಮ್ಮಗನ ಹೆಸರಿನಲ್ಲಲ್ಲ. ಆಡಳಿತ ಕೊಡುವ ವಿನಾಯಿತಿ ಪತ್ರ ಈ ಕೊರತೆಯನ್ನು ತುಂಬುತ್ತದೆ. ಆದರೆ ಅದು ಹಕ್ಕಿನ ಪುರಾವೆಯೇ ಹೊರತು ಹಕ್ಕಿನ ಮೂಲವಲ್ಲ, ಮತ್ತು ಈ ಭೇದಕ್ಕೆ ಕಾನೂನಿನಲ್ಲಿ ಬೆಲೆಯಿದೆ. ಪತ್ರ ಕೈಯಲ್ಲಿಲ್ಲದ ಕೊಡವನೊಬ್ಬ ಅಪರಾಧಿಯಾಗುವುದಿಲ್ಲ, ಪುರಾವೆ ಒದಗಿಸಬೇಕಾದ ವ್ಯಕ್ತಿ ಮಾತ್ರ ಆಗುತ್ತಾನೆ. ಅವನ ಮಟ್ಟಿಗೆ 19ರ ಎರಡನೇ ಮೆಟ್ಟಿಲು ಸಾಕು: ಹೆಸರು, ವಿಳಾಸ, ಬೇಕಿದ್ದರೆ ಕೋವಿಯ ವಶ.

ವಿನಾಯಿತಿ ಪಡೆದವನಿಗೂ 20ನೇ ಕಲಂ ಅನ್ವಯಿಸುತ್ತದೆ. ಗುಂಡು ಹಾರಿಸುವ ವಿಷಯದಲ್ಲಿ 2019ರ ತಿದ್ದುಪಡಿ ಇನ್ನೊಂದು ಮಗ್ಗುಲನ್ನೂ ತೆರೆದಿದೆ. ಸಭೆ, ಮದುವೆ, ಧಾರ್ಮಿಕ ಸ್ಥಳಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಕೊಡಗಿನಲ್ಲಿ ಗಂಡು ಮಗು ಹುಟ್ಟಿದಾಗ ಒಂದು, ಸಾವಿನಲ್ಲಿ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವ ಪದ್ಧತಿ ಇದೆ. ಇದು ಅಪರಾಧವೇ? ಕಲಮಿನ ಭಾಷೆಯಲ್ಲಿ ಅಪಾಯ ತರುವುದು ಅಪರಾಧದ ಅವಶ್ಯ ಅಂಗ. ಆದ್ದರಿಂದ ತೆರೆದ ಬಯಲಿನಲ್ಲಿ, ಜನರಿಂದ ದೂರ ತಿರುಗಿಸಿ ಹಾರಿಸಿದ ಸಾವಿನ ಗುಂಡಿನ ಸದ್ದು ಕೇಳಿದ್ದೇ ಬಂಧನಕ್ಕೆ ಕಾರಣವಾಗಲಾರದು ಎಂದು ನಾನು ಓದುತ್ತೇನೆ.

ಇನ್ನೊಂದು ತೊಡಕು ಕಾಡಿನ ಅಂಚಿನದು. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿ ಸಂರಕ್ಷಿತ ಪ್ರದೇಶಗಳು ಕೊಡಗನ್ನು ಸುತ್ತುವರಿದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯ ಪ್ರವೇಶಿಸುವುದನ್ನು ನಿಷೇಧಿಸುತ್ತದೆ. ಅಲ್ಲಿ ಆಯುಧ ಕಾಯ್ದೆಯ ವಿನಾಯಿತಿ ರಕ್ಷಣೆಯಲ್ಲ, ಸರಿಯಾಗಿಯೇ. ನನ್ನ ಗಮನ ಸೆಳೆದದ್ದು ಅದೇ ಕಾಯ್ದೆಯ 34ನೇ ಕಲಂ. ಅಭಯಾರಣ್ಯ ಘೋಷಣೆಯಾದ ಮೂರು ತಿಂಗಳೊಳಗೆ, ಅದರ ಒಳಗೆ ಅಥವಾ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಆಯುಧಧಾರಿಗಳು ಹೆಸರು ನೋಂದಾಯಿಸಲು ಅರ್ಜಿ ಹಾಕಬೇಕು. ಪರವಾನಗಿ ಇರುವವರು ಮಾತ್ರವಲ್ಲ, ಆಯುಧ ಕಾಯ್ದೆಯಿಂದ ವಿನಾಯಿತಿ ಪಡೆದವರೂ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ವಿನಾಯಿತಿಯನ್ನು ಕಿತ್ತುಕೊಳ್ಳದೆ ವಿನಾಯಿತಿದಾರನ ಗುರುತನ್ನು ದಾಖಲಿಸುವ ಮಾದರಿ ಹೀಗೆ ಭಾರತೀಯ ಶಾಸನದೊಳಗೇ ಇದೆ.

ಕೋವಿ ತಡೆಯ ವಿಷಯದಲ್ಲಿ ಬೇಕಾದದ್ದು ಇಂಥದೇ ನಿಯಮ. ವಿನಾಯಿತಿ ಪತ್ರವನ್ನು 19ನೇ ಕಲಮಿನ ಮಟ್ಟಿಗೆ ಸಾಕಾಗುವ ಪುರಾವೆಯೆಂದು ಅಧಿಸೂಚನೆಯೇ ಹೇಳಬೇಕು. ಪತ್ರ ಜೊತೆಗಿಲ್ಲದಾಗ ತಡೆದ ಠಾಣೆ ಕೊಡಗಿನ ಜಿಲ್ಲಾಧಿಕಾರಿ ಕಚೇರಿಯಿಂದ ಖಚಿತಪಡಿಸಿಕೊಳ್ಳುವವರೆಗೆ ಕೋವಿಯನ್ನು ರಸೀದಿ ಕೊಟ್ಟು ಇಟ್ಟುಕೊಳ್ಳಬೇಕು, ಮನುಷ್ಯನನ್ನು ಮನೆಗೆ ಕಳುಹಿಸಬೇಕು. 20ರಡಿ ಬಂಧಿಸಿದರೆ, ಒಯ್ಯುವ ಯಾವ ರೀತಿ ಅಥವಾ ಯಾವ ಸನ್ನಿವೇಶ ಅನುಮಾನ ಹುಟ್ಟಿಸಿತು ಎಂಬುದನ್ನು ಬಂಧನದ ಮೆಮೊದಲ್ಲಿ ಬರೆಯಬೇಕು. ‘ಬಂದೂಕು ಹೊಂದಿದ್ದನು’ ಎಂಬ ಒಂದೇ ಸಾಲು ಸಾಲದು. ಈಗಿನ ಅಧಿಸೂಚನೆಯ ಅವಧಿ 2029ರ ಅಕ್ಟೋಬರಿಗೆ ಮುಗಿಯುತ್ತದೆ. ಮುಂದಿನದನ್ನು ಬರೆಯುವಾಗ ಈ ಮೂರು ವಾಕ್ಯಗಳನ್ನು ಸೇರಿಸಲು ಕಾಯ್ದೆಯ ತಿದ್ದುಪಡಿ ಬೇಕಾಗಿಲ್ಲ. ವಿನಾಯಿತಿಗೆ ಷರತ್ತು ವಿಧಿಸುವ ಅಧಿಕಾರವನ್ನು 41ನೇ ಕಲಂ ಈಗಾಗಲೇ ಕೇಂದ್ರಕ್ಕೆ ಕೊಟ್ಟಿದೆ, ಉಳಿದದ್ದನ್ನು ಪೊಲೀಸ್ ಮಹಾನಿರ್ದೇಶಕರ ಒಂದು ಸುತ್ತೋಲೆ ತುಂಬಬಲ್ಲದು.