ಹಳೆಯ ರಿವಾಲ್ವರುಗಳ ಮೇಲಿನ ಬರಹ: ಕಾಲನಿರ್ಣಯದ ಕೆಲವು ಸಮಸ್ಯೆಗಳು

ಶಾಸನದಲ್ಲಿ ಉಕ್ತವಾದ ತೇದಿಯೇ ಅದನ್ನು ಕಂಡರಿಸಿದ ತೇದಿಯೆಂದು ನಂಬಲಾಗದು. ಪಶ್ಚಿಮ ಗಂಗರ ತಾಮ್ರಪಟಗಳ ಸಾಚಾತನವನ್ನು ಕುರಿತು ಫ್ಲೀಟ್ ಮತ್ತು ರೈಸ್ ಅವರ ನಡುವೆ ನಡೆದ ವಾದ ಈ ಬಗೆಯ ಸಂಶಯದಿಂದಲೇ ಹುಟ್ಟಿದ್ದು. ಹತ್ತೊಂಬತ್ತನೆಯ ಶತಮಾನದ ರಿವಾಲ್ವರೂ ಬರಹವುಳ್ಳ ಲೋಹದ ವಸ್ತುವೇ. ಹೊರನಾಡಿನಲ್ಲಿದ್ದು ವಸ್ತುಸಂಗ್ರಹಾಲಯಗಳ ಹಾಗೂ ಹಳೆಯ ಮನೆತನಗಳ ಆಯುಧಗಳನ್ನು ಪಟ್ಟಿಮಾಡುವ ವಿದ್ವಾಂಸರೂ ಅಂಥವನ್ನು ಕೊಳ್ಳುವ ಸಂಗ್ರಾಹಕರೂ ಒಂದೇ ತಪ್ಪನ್ನು ಮಾಡುವುದನ್ನು ನಾವು ಕಂಡಿದ್ದೇವೆ: ಕಣ್ಣಿಗೆ ಬಿದ್ದ ಮೊದಲ ಇಸವಿಯನ್ನು ತಯಾರಿಕೆಯ ಇಸವಿಯೆಂದು ಬರೆದುಕೊಳ್ಳುವುದು. ಒಮ್ಮೆ ಪಟ್ಟಿಗೆ ಸೇರಿದ ತೇದಿ ಮುಂದಿನ ಪಟ್ಟಿಗಳಿಗೂ ಹರಿಯುತ್ತದೆ.

ಇದಕ್ಕೆ ಅತ್ಯುತ್ತಮ ನಿದರ್ಶನ ಸ್ಯಾಮ್ಯುಯೆಲ್ ಕೋಲ್ಟನ 1851ರ ‘ನೇವಿ’ ಮಾದರಿ. ಇದರ ಸಿಲಿಂಡರಿನ ಸುತ್ತ ಹಡಗುಗಳ ಕಾಳಗದ ಚಿತ್ರವಿದ್ದು, ಕೆಳಗೆ 1843ರ ಮೇ 16ರ ತೇದಿ ಇದೆ. ಅದು ಟೆಕ್ಸಾಸ್ ಗಣರಾಜ್ಯದ ನೌಕಾಪಡೆ ಮೆಕ್ಸಿಕೋದ ಹಡಗುಗಳೊಡನೆ ಕಾಂಪೆಚೆಯ ಬಳಿ ಕಾದಿದ ದಿನ. ರಿವಾಲ್ವರಿಗೂ ಆ ದಿನಕ್ಕೂ ನಂಟಿರುವುದು ಚಿತ್ರದ ಮೂಲಕ ಮಾತ್ರ. ಆರ್ಮ್ಸ್‌ಬಿ ಎಂಬ ಕೆತ್ತನೆಗಾರನ ಈ ಚಿತ್ರವನ್ನು ಉರುಳಚ್ಚಿನಿಂದ ಒಂದೊಂದು ಸಿಲಿಂಡರಿನ ಮೇಲೂ ಒತ್ತಲಾಗುತ್ತಿತ್ತು. ಈ ಮಾದರಿ 1850ರಿಂದ 1873ರವರೆಗೆ ತಯಾರಾಯಿತು. ಆದ್ದರಿಂದ 1870ರ ಪ್ರತಿಯ ಮೇಲೂ 1843 ಎಂದೇ ಇರುತ್ತದೆ. ಸ್ಥಳದ ಮಾತೂ ಹೀಗೆಯೇ. ನಳಿಗೆಯ ಮೇಲೆ ನ್ಯೂಯಾರ್ಕಿನ ವಿಳಾಸವಿದ್ದರೂ ಕಾರ್ಖಾನೆಯಿದ್ದದ್ದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ. 1850ರ ದಶಕದಲ್ಲಿ ಕೆಲವು ವರ್ಷ ಮಾತ್ರ ನಡೆದ ಲಂಡನ್ನಿನ ಕಾರ್ಖಾನೆಯಲ್ಲಿ ತಯಾರಾದವುಗಳ ಮೇಲೆ ಲಂಡನ್ನಿನ ವಿಳಾಸವಿರುತ್ತದೆ. ಆದರೆ ಲಂಡನ್ನಿನ ಪರೀಕ್ಷಾಮುದ್ರೆಯೊಂದನ್ನೇ ಕಂಡು ಲಂಡನ್ನಿನದೆನ್ನುವಂತಿಲ್ಲ. ಅಮೆರಿಕದಲ್ಲಿ ತಯಾರಾಗಿ ಇಂಗ್ಲೆಂಡಿನಲ್ಲಿ ಮಾರಾಟವಾದವುಗಳ ಮೇಲೂ ಅದನ್ನು ಒತ್ತುತ್ತಿದ್ದರು.

ಪೇಟೆಂಟಿನ ತೇದಿಗಳು ಇನ್ನೊಂದು ಬಗೆಯವು. ಸ್ಮಿತ್ ಅಂಡ್ ವೆಸನ್ನರ ಮೊದಲ ರಿವಾಲ್ವರ್ ಹೊರಬಂದದ್ದು 1857ರಲ್ಲಿ. ಅದರ ಮೇಲಿರುವ 1855ರ ಏಪ್ರಿಲ್ 3 ರಾಲಿನ್ ವೈಟ್ ಎಂಬಾತನಿಗೆ ಪೇಟೆಂಟು ದೊರೆತ ದಿನ. 1873ರ ಕೋಲ್ಟ್ ‘ಸಿಂಗಲ್ ಆಕ್ಷನ್ ಆರ್ಮಿ’ ಮಾದರಿಯ ಮೊದಮೊದಲ ಪ್ರತಿಗಳಲ್ಲಿ 1871 ಮತ್ತು 1872ರ ಎರಡು ತೇದಿಗಳಿದ್ದು, ಬಳಿಕ 1875ರ ಜನವರಿ 19 ಸೇರಿತು. ಇಂಥ ತೇದಿ ಹೇಳುವುದು ಇಷ್ಟೆ: ಆಯುಧ ಇದಕ್ಕಿಂತ ಹಿಂದಿನದಲ್ಲ. ಎಷ್ಟು ಈಚಿನದೆಂದು ಅದು ಹೇಳದು. ಅಲ್ಲಿ ರಚನೆ ನೆರವಾಗುತ್ತದೆ. ಸಿಲಿಂಡರಿನ ನಡುಗಡ್ಡಿಯನ್ನು ಮುಂದಿನಿಂದ ಓರೆಯಾಗಿ ಬಿಗಿಯುವ ತಿರುಪು ಹಳೆಯ ಪ್ರತಿಗಳ ಲಕ್ಷಣ; 1890ರ ದಶಕದಿಂದ ಅದರ ಬದಲು ಅಡ್ಡಲಾಗಿ ಒತ್ತುವ ಸ್ಪ್ರಿಂಗಿನ ಕೀಲು ಬಂದಿತು. ಓಲೆಗರಿಯ ಪ್ರತಿಯಲ್ಲಿ ಕವಿ ಹೇಳಿದ ಕಾಲಕ್ಕಿಂತ ಲಿಪಿಯ ರೂಪ ಪ್ರತಿಕಾರನ ಕಾಲವನ್ನು ಚೆನ್ನಾಗಿ ಹೇಳುವಂತೆಯೇ ಇದು.

ಭಾರತದಲ್ಲಿ ಹೆಚ್ಚಾಗಿ ಸಿಗುವವು ಬರ್ಮಿಂಗ್‌ಹ್ಯಾಮಿನ ವೆಬ್ಲಿ ರಿವಾಲ್ವರುಗಳು ಮತ್ತು ಅವುಗಳ ನಕಲುಗಳು. ಕಲ್ಕತ್ತೆಯ ಮ್ಯಾಂಟನ್ ಕಂಪನಿಯಂಥ ವ್ಯಾಪಾರಿಯ ಹೆಸರು ಕೆತ್ತಿದ್ದರೆ ಅದನ್ನು ತಯಾರಕನ ಹೆಸರೆಂದು ಓದುವವರಿದ್ದಾರೆ. ಅದೇ ಆಯುಧದ ಬದಿಯಲ್ಲಿ ವೆಬ್ಲಿಯವರ ರೆಕ್ಕೆಯುಳ್ಳ ಗುಂಡಿನ ಗುರುತು ಇದ್ದೀತು. ವೆಬ್ಲಿಯವರ ‘ಬ್ರಿಟಿಷ್ ಬುಲ್‌ಡಾಗ್’ ಮಾದರಿಯನ್ನು ಬೆಲ್ಜಿಯಮ್ಮಿನ ಲಿಯೇಜ್ ನಗರದಲ್ಲಿ ಹೇರಳವಾಗಿ ನಕಲು ಮಾಡಿದರು, ‘ಬ್ರಿಟಿಷ್’ ಎಂಬ ಪದವನ್ನೂ ಬಿಡದೆ! ಸಿಲಿಂಡರಿನ ಮೇಲೆ ಅಂಡಾಕಾರದೊಳಗೆ ಇ, ಎಲ್, ಜಿ ಅಕ್ಷರಗಳಿದ್ದರೆ ಅದು ಲಿಯೇಜಿನ ಪರೀಕ್ಷಾಮುದ್ರೆ. ಅಂಡಾಕಾರದ ಮೇಲೆ ಕಿರೀಟವೂ ಇದ್ದರೆ 1893ರ ನಂತರದ್ದು. ಪರೀಕ್ಷಾಮುದ್ರೆ ಸರಕಾರಿ ನಿಯಮಕ್ಕೆ ಬದ್ಧವಾದುದರಿಂದ ವ್ಯಾಪಾರಿಯ ಬರಹಕ್ಕಿಂತ ಅದನ್ನೇ ನಾವು ಹೆಚ್ಚು ನೆಚ್ಚುತ್ತೇವೆ.

ಕೊಳ್ಳುವವರು ಅಂಕಿಗಳನ್ನು ಹೋಲಿಸಿ ನೋಡಬೇಕು. ಕೋಲ್ಟ್ ನೇವಿಯಲ್ಲಿ ನಳಿಗೆ, ಚೌಕಟ್ಟು, ಟ್ರಿಗರಿನ ಕಾಪು, ಹಿಡಿಯ ಬೆನ್ನುಪಟ್ಟಿ ಮುಂತಾದೆಡೆ ಒಂದೇ ಸಂಖ್ಯೆಯಿರುತ್ತದೆ. ಒಂದು ಭಾಗದ್ದು ಬೇರೆಯಾಗಿದ್ದರೆ ಅದು ಕೂಡಿಸಿದ ಪ್ರತಿ, ನಮ್ಮ ಪರಿಭಾಷೆಯಲ್ಲಿ ಪ್ರಕ್ಷೇಪವುಳ್ಳದ್ದು. 1950ರ ದಶಕದ ಕೊನೆಯಿಂದ ಇಟಲಿಯಲ್ಲಿ ತಯಾರಾದ ಪ್ರತಿಕೃತಿಗಳ ಮುದ್ರೆಯನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಸಿ, ಹಳೆಯದೆಂದು ಮಾರುವುದೂ ಉಂಟು. ತುಕ್ಕಿನ ಕುಳಿಗಳ ಒಳಗೂ ಹೊಸ ನೀಲಿ ಬಣ್ಣ ಹೊಳೆಯುತ್ತಿದ್ದರೆ, ಅಕ್ಷರಗಳ ಅಂಚು ಸವೆದಿದ್ದರೂ ತಿರುಪಿನ ತಲೆ ಮಾತ್ರ ಚೂಪಾಗಿದ್ದರೆ, ಈಚೆಗೆ ಯಾರೋ ಕೈಯಾಡಿಸಿದ್ದಾರೆಂದು ತಿಳಿಯಬೇಕು. ಹೊಳಪು ಬರಲೆಂದು ಉಜ್ಜುವ ಉತ್ಸಾಹಿಗಳು ಮೋಸಗಾರರಿಗಿಂತ ಹೆಚ್ಚು ಬರಹವನ್ನು ಅಳಿಸಿದ್ದಾರೆ. ಒಂದು ಎಚ್ಚರಿಕೆ: ಮದ್ದು ತುಂಬಿದ ಹಳೆಯ ಕೋಣೆಗಳು ಇಂದಿಗೂ ಸಿಡಿಯಬಲ್ಲವು, ಓದುವ ಮೊದಲು ತಿಳಿದವರಿಂದ ಪರೀಕ್ಷಿಸಿಕೊಳ್ಳಬೇಕು.

ನಮ್ಮ ದೇಶದಲ್ಲಿ ಕಾಲನಿರ್ಣಯಕ್ಕೆ ಕಾನೂನಿನ ಮಗ್ಗುಲೂ ಇದೆ. 1959ರ ಆಯುಧ ಕಾಯಿದೆಯ 45ನೆಯ ಕಲಮು ಬಿಡುವುದು, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ಹಳೆಯ ಮಾದರಿಯ ಆಯುಧಗಳನ್ನು. ಹಾರಬಲ್ಲ ರಿವಾಲ್ವರ್ ಎಷ್ಟು ಹಳೆಯದಾದರೂ ಈ ವಿನಾಯಿತಿಗೆ ಒಳಪಡದು, ಪರವಾನಗಿಯ ಪ್ರಶ್ನೆಯನ್ನು ಕೊಳ್ಳುವ ಮುನ್ನವೇ ಇತ್ಯರ್ಥಪಡಿಸಿಕೊಳ್ಳಬೇಕು. 1972ರ ಪುರಾವಸ್ತುಗಳ ಕಾಯಿದೆ ಸಾಮಾನ್ಯವಾಗಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುವನ್ನು ಪುರಾವಸ್ತುವೆಂದು ಗಣಿಸಿ, ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ. ಸಿಂಗಲ್ ಆಕ್ಷನ್ ಆರ್ಮಿ 1940ರವರೆಗೂ ತಯಾರಾಗುತ್ತಿತ್ತು. 1875ರ ತೇದಿ ಹೊತ್ತ ಪ್ರತಿಯೊಂದು 1930ರ ದಶಕದ್ದಾಗಿದ್ದರೆ, ಮೇಲಿನ ಬರಹ ಏನೇ ಹೇಳಲಿ, ಅದಕ್ಕೆ ಇನ್ನೂ ನೂರು ತುಂಬಿಲ್ಲ.